ನೀರಿನ ಲೆಕ್ಕ, ಕುರಿಯ ಲೆಕ್ಕ

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದಿಂದ ಪೂರ್ವದ ಚಿನ್ನದ ಗಣಿಗಳ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಒಂದು ದಪ್ಪನೆಯ ಉಕ್ಕಿನ ಕೊಳವೆ ನೂರಾರು ಕಿಲೋಮೀಟರ್ ಜೊತೆಗೇ ಬರುತ್ತದೆ. ಮುಂಡಾರಿಂಗ್ ಅಣೆಕಟ್ಟೆಯ ನೀರನ್ನು 1903ರಿಂದ ಕಾಲ್ಗೂರ್ಲಿಗೆ ಒಯ್ಯುತ್ತಿರುವ ಕೊಳವೆ ಅದು. ಕೆಲಸದ ನಿಮಿತ್ತ ಪರ್ತ್‌ನಲ್ಲಿ ಕೆಲವು ವರ್ಷ ಇದ್ದ ನಾನು, ಒಂದು ಮಾರ್ಚ್ ತಿಂಗಳಲ್ಲಿ, ಅಂದರೆ ಅಲ್ಲಿನ ಬೇಸಿಗೆ ಮುಗಿಯುವ ಹೊತ್ತಿನಲ್ಲಿ, ಮೊದಲ ಸಲ ಆ ದಾರಿಯಲ್ಲಿ ಹೋದೆ. ಕಣ್ಣು ಹಾಯುವವರೆಗೂ ಕೊಯ್ದ ಗೋಧಿಯ ಕೂಳೆ. ಅದರ ನಡುವೆ ತಗ್ಗಿನಲ್ಲಿ ಬೂದಿಬಿಳುಪಿನ ಒಂದು ಅಗಲವಾದ ಪಟ್ಟೆ, ಅದರೊಳಗೆ ನಿಂತಲ್ಲೇ ಸತ್ತ ಮರಗಳು. ಬತ್ತಿದ ಕೆರೆಯಿರಬೇಕು ಎಂದುಕೊಂಡೆ. ಅದು ಹೊಲವಾಗಿತ್ತು.

ಕನ್ನಡದಲ್ಲಿ ಸವಳು ಮತ್ತು ಜವಳು ಎಂಬ ಎರಡು ಮಾತುಗಳನ್ನು ಸಾಮಾನ್ಯವಾಗಿ ಒಟ್ಟಿಗೇ ಹೇಳುತ್ತೇವೆ. ಉಪ್ಪೇರಿದ ನೆಲ ಸವಳು, ನೀರು ನಿಂತು ಬೇರಿಗೆ ಉಸಿರು ಕಟ್ಟುವ ನೆಲ ಜವಳು. ಎರಡೂ ಕಾಲುವೆಯ ನೀರನ್ನು ಅಳತೆ ಮೀರಿ ಹರಿಸಿದ ಹೊಲಗಳಿಗೆ ಬರುವ ರೋಗವೆಂದೇ ನಾನು ತಿಳಿದಿದ್ದೆ. ಆದರೆ ಈ ಗೋಧಿ ಸೀಮೆಯಲ್ಲಿ ಕಾಲುವೆಯೇ ಇಲ್ಲ. ವರ್ಷಕ್ಕೆ 300ರಿಂದ 600 ಮಿಲಿಮೀಟರ್, ಅದೂ ಬಹುಪಾಲು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಬೀಳುವ ಚಳಿಗಾಲದ ಮಳೆಯನ್ನೇ ನಂಬಿದ ಖುಷ್ಕಿ ಬೇಸಾಯ ಅದು. ನೀರೇ ಸಾಲದ ನೆಲದಲ್ಲಿ ನೀರು ಹೆಚ್ಚಾಗಿ ಹೊಲ ಕೆಡುವುದು ಹೇಗೆ ಎಂಬ ಪ್ರಶ್ನೆ ನನ್ನನ್ನು ಆ ವಿಷಯದೊಳಗೆ ಎಳೆಯಿತು. ಉಪ್ಪನ್ನು ಹತೋಟಿಯಲ್ಲಿಡುವುದರ ಜೊತೆಗೆ ರೈತನಿಗೆ ಲಾಭವನ್ನೂ ಕೊಡುವ ಬಹುವಾರ್ಷಿಕ ಬೆಳೆಗಳಿಗಾಗಿ ಅಲ್ಲಿ ನಡೆದ ಹುಡುಕಾಟದ ಬಗ್ಗೆ ಆಮೇಲೆ ಓದಿದ್ದನ್ನು, ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಉಪ್ಪು ಬಂದದ್ದು ಸಮುದ್ರದಿಂದ, ಮಳೆಯ ಜೊತೆಯಲ್ಲಿ. ಹೆಕ್ಟೇರಿಗೆ ವರ್ಷಕ್ಕೆ ಹತ್ತಾರು ಕಿಲೋ, ಕರಾವಳಿಗೆ ಹತ್ತಿರವಾದರೆ ಇನ್ನೂ ಹೆಚ್ಚು. ಒಂದು ವರ್ಷದ ಲೆಕ್ಕದಲ್ಲಿ ಇದು ಏನೂ ಅಲ್ಲ. ಆದರೆ ಅದು ಸಾವಿರಾರು ವರ್ಷ ನಡೆದಿದೆ, ಮತ್ತು ಅಲ್ಲಿನ ನೆಲ ಬಹಳ ಹಳೆಯದು, ಬಹಳ ಚಪ್ಪಟೆ, ತೊಳೆದುಕೊಂಡು ಹೋಗುವ ನದಿಗಳಿಲ್ಲದ್ದು. ಅಲ್ಲಿನ ಯೂಕಲಿಪ್ಟಸ್ ಕಾಡು ಮತ್ತು ಕುರುಚಲು ಗಿಡಗಳು ಆಳಕ್ಕೆ ಬೇರಿಳಿಸಿ, ಬಿದ್ದ ಮಳೆಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹೀರಿ ಗಾಳಿಗೆ ಬಿಡುತ್ತಿದ್ದವು. ನೀರನ್ನು ತೆಗೆದುಕೊಂಡು ಉಪ್ಪನ್ನು ಹಿಂದೆ ಬಿಟ್ಟದ್ದರಿಂದ ಬೇರಿನ ವಲಯದ ಕೆಳಗೆ ಹೆಕ್ಟೇರಿಗೆ ನೂರಾರು, ಕೆಲವೆಡೆ ಸಾವಿರಾರು ಟನ್ ಉಪ್ಪು ಶೇಖರವಾಯಿತು. ಅದು ಅಲ್ಲೇ ಮಲಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಕಾಡು ಕಡಿದು ಗೋಧಿ ಬಿತ್ತಿದಾಗ ಲೆಕ್ಕ ತಪ್ಪಿತು. ಗೋಧಿಯ ಬೇರು ಆಳಕ್ಕೆ ಹೋಗುವುದಿಲ್ಲ, ಮತ್ತು ಅದು ವರ್ಷದಲ್ಲಿ ಆರು ತಿಂಗಳು ಮಾತ್ರ ಜೀವಂತವಾಗಿರುತ್ತದೆ. ಕಾಡಿನ ಕೆಳಗೆ ವರ್ಷಕ್ಕೆ ಒಂದು ಮಿಲಿಮೀಟರೂ ಇಳಿಯದಿದ್ದ ನೀರು ಹೊಲದ ಕೆಳಗೆ ಹತ್ತಾರು ಮಿಲಿಮೀಟರ್ ಇಳಿಯತೊಡಗಿತು. ಅಂತರ್ಜಲ ಮೇಲಕ್ಕೆ ಬರುತ್ತಾ, ದಾರಿಯಲ್ಲಿ ಸಿಕ್ಕ ಉಪ್ಪನ್ನು ಕರಗಿಸಿಕೊಂಡು, ತಗ್ಗಿನ ಹೊಲಗಳಲ್ಲಿ ನೆಲದ ಮೇಲ್ಮೈಗೆ ಒಂದೆರಡು ಮೀಟರ್ ಸಮೀಪಕ್ಕೆ ತಲುಪಿತು. ಅಲ್ಲಿಂದ ಮೇಲಕ್ಕೆ ಅದನ್ನು ಬಿಸಿಲೇ ಎಳೆದುಕೊಂಡಿತು.

ಇದು ತಡವಾಗಿ ಗೊತ್ತಾದ ಸಂಗತಿಯೇನೂ ಅಲ್ಲ. ಸುತ್ತಲಿನ ಮರಗಳನ್ನು ಜನ ಕೊಂದ ಮೇಲೆ ರೈಲು ಎಂಜಿನ್‌ಗಳಿಗೆ ನೀರು ಒದಗಿಸುವ ಕೆರೆಗಳು ಉಪ್ಪಾಗುತ್ತಿರುವುದನ್ನು ಗಮನಿಸಿದ ಡಬ್ಲ್ಯೂ. ಇ. ವುಡ್ ಎಂಬ ರೈಲ್ವೆ ಎಂಜಿನಿಯರ್, ಮರ ಕಡಿಯುವುದಕ್ಕೂ ಉಪ್ಪಿಗೂ ಇರುವ ಸಂಬಂಧವನ್ನು 1924ರಲ್ಲಿಯೇ ಸ್ಪಷ್ಟವಾಗಿ ಬರೆದಿದ್ದರು. ನನ್ನ ಪಕ್ಕದಲ್ಲಿ ಬಂದ ಆ ಕೊಳವೆಯ ಮೂಲವಾದ ಮುಂಡಾರಿಂಗ್‌ನಲ್ಲಿಯೂ, ಹೆಚ್ಚು ನೀರು ಹರಿದು ಬರಲಿ ಎಂದು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಜಲಾನಯನದ ಮರಗಳ ತೊಗಟೆ ಸುಲಿದು ಒಣಗಿಸಿ, ನೀರು ಉಪ್ಪಾಗತೊಡಗಿದ ಮೇಲೆ ಕಾಡನ್ನು ಮತ್ತೆ ಬೆಳೆಯಲು ಬಿಟ್ಟಿದ್ದರು. ಇಷ್ಟು ತಿಳಿದಿದ್ದೂ 1960ರ ದಶಕದಲ್ಲಿ ವರ್ಷಕ್ಕೆ ಹತ್ತು ಲಕ್ಷ ಎಕರೆ ಹೊಸ ಭೂಮಿ ಎಂಬುದು ಅಲ್ಲಿನ ಸರ್ಕಾರದ ಹೆಮ್ಮೆಯ ಘೋಷಣೆಯಾಗಿತ್ತು. ಪಡೆದ ಭೂಮಿಯಲ್ಲಿ ಇಂತಿಷ್ಟನ್ನು ಕಡಿದು ಸಾಗುವಳಿಗೆ ತರಬೇಕೆಂಬುದು ಮಂಜೂರಾತಿಯ ಷರತ್ತೇ ಆಗಿತ್ತು. ಆದ್ದರಿಂದ ಮರ ಕಡಿದ ರೈತನನ್ನು ಇಂದು ಅವಿವೇಕಿ ಎನ್ನುವುದು ನನಗೆ ಸರಿಯೆನಿಸುವುದಿಲ್ಲ. ಕಡಿಯದಿದ್ದರೆ ಜಮೀನು ಅವನದಾಗಿ ಉಳಿಯುತ್ತಿರಲಿಲ್ಲ.

ಲೆಕ್ಕ ಕೈಗೆ ಬಂದದ್ದು 2001ರ ರಾಷ್ಟ್ರೀಯ ಸಮೀಕ್ಷೆಯಲ್ಲಿ. ಆಸ್ಟ್ರೇಲಿಯಾದಲ್ಲಿ 57 ಲಕ್ಷ ಹೆಕ್ಟೇರ್ ಅಪಾಯದಲ್ಲಿದೆ, 2050ರ ಹೊತ್ತಿಗೆ ಅದು 1.7 ಕೋಟಿ ಹೆಕ್ಟೇರ್ ಆಗಬಹುದು ಎಂದು ಅದು ಹೇಳಿತು. ಮರುವರ್ಷ ಅಂಕಿಅಂಶ ಇಲಾಖೆ ನೇರವಾಗಿ ರೈತರನ್ನೇ ಕೇಳಿದಾಗ, ಉಪ್ಪಿನ ಲಕ್ಷಣ ಕಾಣಿಸಿಕೊಂಡಿರುವ ಭೂಮಿ ಸುಮಾರು 20 ಲಕ್ಷ ಹೆಕ್ಟೇರ್ ಎಂದು ತಿಳಿಯಿತು. ಮೊದಲನೆಯ ಅಂಕಿ ಅಪಾಯದ್ದು, ಎರಡನೆಯದು ಕಣ್ಣಿಗೆ ಕಂಡದ್ದು. ಪತ್ರಿಕೆಗಳು ಇವೆರಡನ್ನೂ ಬೆರೆಸಿ ಬರೆದದ್ದರಿಂದ ಆಗ ಹುಟ್ಟಿದ ಗಾಬರಿ ಸ್ವಲ್ಪ ಅತಿಯಾಗಿಯೇ ಇತ್ತು. ಏಳು ವರ್ಷಗಳಿಗೆ 140 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗಳ ರಾಷ್ಟ್ರೀಯ ಯೋಜನೆ ಅಷ್ಟರಲ್ಲೇ ಘೋಷಣೆಯಾಗಿತ್ತು. ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯವನ್ನು ನೆಲೆಯಾಗಿಸಿಕೊಂಡು, ಗಿಡಗಳ ಮೂಲಕವೇ ಖುಷ್ಕಿ ಸವಳನ್ನು ನಿರ್ವಹಿಸುವುದು ಹೇಗೆಂದು ಸಂಶೋಧಿಸುವ ಸಹಕಾರಿ ಕೇಂದ್ರವೊಂದು 2001ರಲ್ಲಿ ಆರಂಭವಾಯಿತು.

ಆ ಕೇಂದ್ರದ ಮೂಲ ವಿಚಾರ ಕೇಳಲು ಸರಳ. ಆಳದ ಬೇರಿನ ಗಿಡಗಳು ಹೋದದ್ದರಿಂದ ರೋಗ ಬಂತು. ಆದ್ದರಿಂದ ಆಳದ ಬೇರಿನ, ವರ್ಷವಿಡೀ ಹಸಿರಾಗಿರುವ ಗಿಡಗಳನ್ನು ಮರಳಿ ತರಬೇಕು. ಆದರೆ ರೈತ ಗೋಧಿ ಬಿಟ್ಟು ಕಾಡು ಬೆಳೆಸಿ ಬದುಕಲಾರ. ಸಹಾಯಧನ ಕೊಟ್ಟು ನೆಡಿಸೋಣವೆಂದರೆ ಆ ಗೋಧಿ ಸೀಮೆಯಲ್ಲಿ ಕಡಿದಿರುವ ಭೂಮಿಯೇ ಸುಮಾರು 1.8 ಕೋಟಿ ಹೆಕ್ಟೇರ್. ಯಾವ ಸರ್ಕಾರದ ಬೊಕ್ಕಸವೂ ಅಷ್ಟಕ್ಕೆ ಸಾಲದು. ಕೃಷಿ ಅರ್ಥಶಾಸ್ತ್ರಜ್ಞ ಡೇವಿಡ್ ಪ್ಯಾನೆಲ್ ಅಂದಿನಿಂದಲೂ ಒತ್ತಿ ಹೇಳಿಕೊಂಡು ಬಂದದ್ದು ಇದನ್ನೇ: ರೈತನಿಗೆ ತಾನಾಗಿಯೇ ಲಾಭ ತರುವ ಬಹುವಾರ್ಷಿಕ ಬೆಳೆ ಇಲ್ಲದೆ ಉಪದೇಶ, ಪ್ರಾತ್ಯಕ್ಷಿಕೆ, ಚಿಲ್ಲರೆ ಸಹಾಯಧನಗಳಿಂದ ದೊಡ್ಡ ಪ್ರಮಾಣದ ಬದಲಾವಣೆ ಆಗುವುದಿಲ್ಲ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಲಾಭ ಬರುವ ಗಿಡ ಸಿಕ್ಕಿಬಿಟ್ಟರೆ ನೀರು ತಾನಾಗಿ ಇಳಿಯುತ್ತದೆ ಎಂಬ, ಹೇಳದೆಯೇ ಹಲವರು ನಂಬಿದ್ದ ಮುಂದಿನ ಮೆಟ್ಟಿಲನ್ನು ಒಪ್ಪುವುದು ಕಷ್ಟ. ಅದಕ್ಕೆ ಕಾರಣ ಲೂಸರ್ನ್ ಗಿಡದ ಕಥೆಯಲ್ಲಿದೆ.

ಲೂಸರ್ನ್ ಎಂದರೆ ಹಸು ಸಾಕುವವರಿಗೆಲ್ಲ ಗೊತ್ತಿರುವ ಕುದುರೆಮಸಾಲೆ ಸೊಪ್ಪು. ಇದರ ಬೇರು ಎರಡು ಮೂರು ಮೀಟರ್ ಆಳಕ್ಕೆ, ಮಣ್ಣು ಒಳ್ಳೆಯದಿದ್ದರೆ ಇನ್ನೂ ಕೆಳಕ್ಕೆ ಇಳಿಯುತ್ತದೆ. ಮೂರು ನಾಲ್ಕು ವರ್ಷ ಲೂಸರ್ನ್ ಬೆಳೆದ ಹೊಲದ ಕೆಳಮಣ್ಣು ಎಷ್ಟು ಒಣಗುತ್ತದೆಂದರೆ, ಅದನ್ನು ಕಿತ್ತು ಮತ್ತೆ ಗೋಧಿ ಬಿತ್ತಿದ ಮೇಲೂ ಆ ಒಣ ಪದರ ತುಂಬುವವರೆಗೆ ಕೆಲವು ವರ್ಷ ನೀರು ಅಂತರ್ಜಲವನ್ನು ಮುಟ್ಟುವುದಿಲ್ಲ. ಹೀಗೆ ಕೆಲವು ವರ್ಷ ಮೇವು, ಕೆಲವು ವರ್ಷ ಧಾನ್ಯ ಎಂದು ಸರದಿ ಹಾಕಿಕೊಂಡರೆ ನೆಲಕ್ಕೆ ಸಾರಜನಕವೂ ಸಿಗುತ್ತದೆ, ಔಷಧಿಗೆ ಬಗ್ಗದ ಕಳೆಗಳೂ ಹತೋಟಿಗೆ ಬರುತ್ತವೆ. ಇಷ್ಟೆಲ್ಲ ಗುಣವಿರುವ ಗಿಡ ಸವಳು ನೆಲದಲ್ಲಿ ಬೆಳೆಯಲಾರದು ಎಂಬುದು ಹೊಸಬರಿಗೆ ಆಶ್ಚರ್ಯವೆನಿಸಬಹುದು. ಮಣ್ಣಿನ ಲವಣಾಂಶವನ್ನು ಅಳೆಯುವ ಮಾನದಲ್ಲಿ ಮೀಟರಿಗೆ 2 ಡೆಸಿಸೀಮೆನ್ಸ್ ದಾಟಿದೊಡನೆ ಲೂಸರ್ನ್ ಇಳುವರಿ ಬೀಳತೊಡಗುತ್ತದೆ; ಗೋಧಿ 6ರವರೆಗೆ, ಬಾರ್ಲಿ 8ರವರೆಗೆ ತಡೆದುಕೊಳ್ಳುತ್ತದೆ. ಅಂದರೆ ಉಪ್ಪನ್ನು ತಡೆಯುವ ಗಿಡ ಬೇರೆ, ಉಪ್ಪಿನಲ್ಲಿ ಬಾಳುವ ಗಿಡ ಬೇರೆ. ನೀರು ಒಳಗಿಳಿಯುವ ಎತ್ತರದ ಹೊಲದಲ್ಲಿ ಮೊದಲನೆಯದು, ನೀರು ಹೊರಬರುವ ತಗ್ಗಿನಲ್ಲಿ ಎರಡನೆಯದು. ಬಹುವಾರ್ಷಿಕ ಬೆಳೆ ಎಂಬ ಒಂದೇ ಹೆಸರಿನಲ್ಲಿ ಇವೆರಡನ್ನೂ ಕಟ್ಟಿಹಾಕಿದ್ದರಿಂದ ಆದ ಗೊಂದಲ ಕಡಿಮೆಯಲ್ಲ.

ಲೂಸರ್ನ್‌ನ ಲಾಭ ಎಲ್ಲಿಂದ ಬರುತ್ತದೆ? ಅಲ್ಲಿನ ರೈತನಿಗೆ ಗೋಧಿಯ ಜೊತೆಗೆ ಕುರಿಯೂ ಇರುತ್ತದೆ. ಬೇಸಿಗೆಯಲ್ಲಿ ಕುರಿ ಕೂಳೆ ಮೇಯುತ್ತದೆ. ಮಾರ್ಚ್ ಹೊತ್ತಿಗೆ ಕೂಳೆಯಲ್ಲಿ ಸತ್ವ ಉಳಿದಿರುವುದಿಲ್ಲ. ಮಳೆ ಬಿದ್ದು ಹೊಸ ಹುಲ್ಲು ಬಾಯಿಗೆ ಸಿಗುವಷ್ಟಾಗಲು ಜೂನ್ ಬರಬೇಕು. ಈ ನಡುವಿನ ಹಸಿವಿನ ತಿಂಗಳುಗಳಲ್ಲಿ ರೈತ ಹಣ ಕೊಟ್ಟು ಧಾನ್ಯ ತಿನ್ನಿಸುತ್ತಾನೆ. ಆ ಹೊತ್ತಿನಲ್ಲಿ ಹಸಿರಾಗಿರುವ ಒಂದು ಹೆಕ್ಟೇರ್ ಮೇವಿಗೆ, ವಸಂತದಲ್ಲಿ ಎಲ್ಲೆಲ್ಲೂ ಹಸಿರಿರುವಾಗ ಸಿಗುವ ಮೇವಿಗಿಂತ ಹಲವು ಪಟ್ಟು ಬೆಲೆ. ಆದ್ದರಿಂದ ಮೊದಲ ಕೆಲವು ಹೆಕ್ಟೇರ್ ಲೂಸರ್ನ್ ಗೋಧಿಯನ್ನೂ ಮೀರಿಸುವ ಲಾಭ ಕೊಡಬಹುದು. ಆದರೆ ಹಸಿವಿನ ತಿಂಗಳುಗಳು ಒಮ್ಮೆ ತುಂಬಿದ ಮೇಲೆ ಹೆಚ್ಚುವರಿ ಮೇವಿಗೆ ಅದೇ ಬೆಲೆ ಉಳಿಯುವುದಿಲ್ಲ. ಅದನ್ನು ತಿನ್ನಲು ಇನ್ನಷ್ಟು ಕುರಿ ಬೇಕು, ಕುರಿಗೆ ಬೇಲಿ, ನೀರು, ಆಳು ಬೇಕು. 1980ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕೃಷಿ ಇಲಾಖೆ ರೂಪಿಸಿದ ‘ಮೈಡಾಸ್’ ಎಂಬ ಗಣಕ ಮಾದರಿಯಲ್ಲಿ ಇಡೀ ಜಮೀನಿನ ಮಣ್ಣು, ಬೆಳೆ, ಕುರಿ, ಬೆಲೆಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದಾಗ ಬಂದ ಉತ್ತರವೂ ಇದೇ: ಜಮೀನಿನ ಒಂದು ಪಾಲಿನವರೆಗೆ ಲೂಸರ್ನ್ ಲಾಭಕರ, ಅದನ್ನು ದಾಟಿದರೆ ಪ್ರತಿ ಹೆಕ್ಟೇರೂ ನಷ್ಟ. ಆ ಪಾಲು ಎಷ್ಟೆಂಬುದು ಮಣ್ಣಿನ ಮೇಲೆ, ಕುರಿಯ ಬೆಲೆಯ ಮೇಲೆ ಏರಿಳಿಯುತ್ತದೆ. ಮಿತಿ ಇದೆ ಎಂಬುದು ಮಾತ್ರ ಬದಲಾಗುವುದಿಲ್ಲ. ಇದರ ಮೇಲೆ, ಆ ಸೀಮೆಯ ದೊಡ್ಡ ಭಾಗದ ಮಣ್ಣು ಆಮ್ಲೀಯ. ಅಲ್ಲಿ ಕರಗಿರುವ ಅಲ್ಯೂಮಿನಿಯಂ ಲೂಸರ್ನ್ ಬೇರನ್ನು ಕೆಳಗಿಳಿಯಲು ಬಿಡುವುದೇ ಇಲ್ಲ.

ಇನ್ನು ನೀರಿನ ಲೆಕ್ಕ. ದಿಬ್ಬ ಮತ್ತು ತಗ್ಗು ಹತ್ತಿರ ಹತ್ತಿರವಿರುವ ಸಣ್ಣ ಜಲಾನಯನಗಳಲ್ಲಿ ಎತ್ತರದಲ್ಲಿ ಗಿಡ ನೆಟ್ಟರೆ ಕೆಲವೇ ವರ್ಷಗಳಲ್ಲಿ ಕೆಳಗಿನ ನೀರು ಇಳಿದೀತು. ಗೋಧಿ ಸೀಮೆಯ ವಿಶಾಲ ಬಯಲುಗಳಲ್ಲಿ ಹಾಗಾಗುವುದಿಲ್ಲ. ಅಲ್ಲಿ ನೆಲದೊಳಗಿನ ನೀರು ಅಡ್ಡಕ್ಕೆ ಹರಿಯುವುದೇ ಅಪರೂಪ. ಮರಗಳ ಸಾಲಿನ ಕೆಳಗೆ ನೀರು ಇಳಿಯುತ್ತದೆ, ಸಾಲಿನಿಂದ ಇಪ್ಪತ್ತು ಮೂವತ್ತು ಮೀಟರ್ ಆಚೆಗೆ ಏನೂ ಆಗಿರುವುದಿಲ್ಲ. ಇಡೀ ಜಲಾನಯನದಲ್ಲಿ ನೀರಿನ ಮಟ್ಟ ಇಳಿಯಬೇಕಾದರೆ ಅರ್ಧಕ್ಕಿಂತ ಹೆಚ್ಚು, ಕೆಲವೆಡೆ ಮುಕ್ಕಾಲು ಭಾಗದಷ್ಟು ಭೂಮಿ ಬಹುವಾರ್ಷಿಕ ಗಿಡಗಳ ಕೆಳಗೆ ಬರಬೇಕೆಂದು ಜಲವಿಜ್ಞಾನಿಗಳು ಹೇಳಿದರು. ಕುರಿಯ ಲೆಕ್ಕ ಒಂದು ಸಣ್ಣ ಪಾಲಿಗೆ ನಿಲ್ಲುತ್ತದೆ, ನೀರಿನ ಲೆಕ್ಕ ಮುಕ್ಕಾಲು ಕೇಳುತ್ತದೆ. ಈ ಎರಡರ ನಡುವಿನ ಕಂದಕವನ್ನು ಇನ್ನಷ್ಟು ಒಳ್ಳೆಯ ತಳಿಯೊಂದರಿಂದ ತುಂಬಬಹುದೆಂಬ ಆಸೆಯಲ್ಲಿ ಬಹಳ ಕಾಲ, ಬಹಳ ಹಣ ಹೋಯಿತು.

ಹಾಗೆಂದು ಆ ಹುಡುಕಾಟವೇ ವ್ಯರ್ಥವಾಯಿತೆಂದು ನಾನು ಹೇಳುವುದಿಲ್ಲ. ನಿಜವಾದ ಫಲ ಸಿಕ್ಕಿದ್ದು ಎರಡನೆಯ ಬಗೆಯ ಗಿಡಗಳಲ್ಲಿ, ಅಂದರೆ ಕೆಟ್ಟುಹೋದ ನೆಲದಲ್ಲಿಯೇ ಬಾಳುವವುಗಳಲ್ಲಿ. ಅವುಗಳಲ್ಲಿ ಮುಖ್ಯವಾದದ್ದು ಉಪ್ಪುಪೊದೆ, ಅಲ್ಲಿನವರ ಮಾತಿನಲ್ಲಿ ಸಾಲ್ಟ್‌ಬುಷ್. ಅದು ಆ ಖಂಡದ್ದೇ ಗಿಡ. ಎಲೆಯ ಮೇಲಿನ ಸಣ್ಣ ಚೀಲಗಳಲ್ಲಿ ಉಪ್ಪನ್ನು ತುಂಬಿಟ್ಟುಕೊಂಡು, ಸಮುದ್ರದ ನೀರಿನ ಅರ್ಧದಷ್ಟು ಉಪ್ಪಿರುವಲ್ಲಿಯೂ ಬದುಕಬಲ್ಲದು. ಎಲೆ ಬೂದುಬಣ್ಣದ್ದು, ಕಿತ್ತು ನಾಲಗೆಗೆ ತಾಗಿಸಿದರೆ ಉಪ್ಪಿನಕಾಯಿಯ ಜಾಡಿ ನೆನಪಾಗುವಷ್ಟು ಉಪ್ಪು. ಒಣಗಿಸಿದ ಎಲೆಯ ತೂಕದಲ್ಲಿ ಕಾಲು ಭಾಗದಷ್ಟು ಲವಣವೇ ಇರಬಹುದಾದ್ದರಿಂದ ಕುರಿ ಇದೊಂದನ್ನೇ ತಿಂದು ಮೈ ಹಿಡಿಯುವುದಿಲ್ಲ. ಉಪ್ಪನ್ನು ಹೊರಹಾಕಲು ಅದು ದಿನಕ್ಕೆ 10 ಲೀಟರ್‌ಗೂ ಮೀರಿ ನೀರು ಕುಡಿಯಬೇಕಾಗುತ್ತದೆ, ಆ ನೀರು ಸಿಹಿಯಾಗಿರಬೇಕು. ಆದರೆ ಪಕ್ಕದಲ್ಲಿ ಗೋಧಿಯ ಕೂಳೆ ಇದ್ದರೆ ಲೆಕ್ಕ ಬೇರೆ. ಕೂಳೆಯಲ್ಲಿ ನಾರಿದೆ, ಪ್ರೋಟೀನ್ ಇಲ್ಲ. ಉಪ್ಪುಪೊದೆಯಲ್ಲಿ ಪ್ರೋಟೀನ್ ಇದೆ, ಗಂಧಕವಿದೆ, ಒಣ ಮೇವಿನಲ್ಲಿ ಸಿಗದ ಇ ಜೀವಸತ್ವವೂ ಇದೆ. ಬೇಸಿಗೆಯ ಕೊನೆಯಲ್ಲಿ ಇ ಜೀವಸತ್ವದ ಕೊರತೆಯಿಂದ ಎಳೆಯ ಕುರಿಗಳ ಸ್ನಾಯು ಕುಗ್ಗಿ ಸಾಯುವುದು ಆ ಸೀಮೆಯ ಹಳೆಯ ತೊಂದರೆ.

ನೆಟ್ಟ ಗಿಡಗಳೆಲ್ಲ ಒಂದೇ ಸಮನಲ್ಲ ಎಂಬುದನ್ನು ಕುರಿಗಳೇ ತೋರಿಸಿಕೊಟ್ಟವು. ಒಂದೇ ಸಾಲಿನಲ್ಲಿ ಕೆಲವು ಪೊದೆಗಳನ್ನು ಬೋಳಿಸಿ ಕೆಲವನ್ನು ಮೂಸಿ ಬಿಡುತ್ತಿದ್ದವು. ಕುರಿಗಳು ಆರಿಸಿದ ಗಿಡಗಳನ್ನು ಹಿಡಿದು, ಅವುಗಳ ಜೀರ್ಣಶಕ್ತಿಯನ್ನು ಅಳೆದು, ಕೊನೆಗೆ ಆಸ್ಟ್ರೇಲಿಯಾದ ರಾಷ್ಟ್ರೀಯ ವಿಜ್ಞಾನ ಸಂಸ್ಥೆ ಸಿ.ಎಸ್.ಐ.ಆರ್.ಒ. ಮತ್ತು ಸಂಗಡಿಗರು ‘ಅನಮೇಕಾ’ ಎಂಬ ತಳಿಯನ್ನು ಹೊರತಂದರು. ಬೀಜದಿಂದ ಬೆಳೆದರೆ ಗುಣ ಚದುರಿಹೋಗುವುದರಿಂದ ಇದನ್ನು ಕಡ್ಡಿ ನೆಟ್ಟು ಬೆಳೆಸಿದ ಸಸಿಯಾಗಿಯೇ ಮಾರುತ್ತಾರೆ, ಆದ್ದರಿಂದ ಖರ್ಚು ಹೆಚ್ಚು. ಆದರೂ ರೈತರು ಕೊಳ್ಳುತ್ತಾರೆ. ಸಹಾಯಧನಕ್ಕಾಗಿ ನೆಟ್ಟ ಗಿಡಕ್ಕೂ, ಕೈಯಿಂದ ಹಣ ಕೊಟ್ಟು ತಂದು ನೆಟ್ಟ ಗಿಡಕ್ಕೂ ಇರುವ ವ್ಯತ್ಯಾಸ ಎರಡನೆಯ ಬೇಸಿಗೆಯಲ್ಲಿ ತಿಳಿಯುತ್ತದೆ.

ಉಪ್ಪುಪೊದೆಯ ಇನ್ನೊಂದು ಉಪಕಾರ ನೆಲದ ಕೆಳಗಿನದು. ಉಪ್ಪು ಮತ್ತು ನಿಂತ ನೀರು ಒಟ್ಟಾದಾಗ ಆಗುವ ಹಾನಿ ಎರಡರ ಮೊತ್ತಕ್ಕಿಂತ ದೊಡ್ಡದು, ಏಕೆಂದರೆ ಉಪ್ಪನ್ನು ಹೊರಗೇ ತಡೆಯಲು ಬೇರಿಗೆ ಶಕ್ತಿ ಬೇಕು, ಶಕ್ತಿಗೆ ಆಮ್ಲಜನಕ ಬೇಕು, ಜವಳು ನೆಲದಲ್ಲಿ ಅದು ಸಿಗುವುದಿಲ್ಲ. ಸವಳು ಜವಳುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ನಮ್ಮ ರೂಢಿಯ ಅರ್ಥ ನನಗೆ ಹೊಳೆದದ್ದು ಇದನ್ನು ಓದಿದ ದಿನ. ಬೇಸಿಗೆಯಲ್ಲಿ ಪೊದೆಗಳು ಬೇರಿನ ವಲಯದ ನೀರನ್ನು ಒಂದಿಷ್ಟು ಹೀರಿ ಮಟ್ಟವನ್ನು ಸ್ವಲ್ಪವೇ ಇಳಿಸಿದರೂ ಸಾಕು, ಚಳಿಗಾಲದ ಮಳೆ ಮೇಲಿನ ಮಣ್ಣಿನ ಉಪ್ಪನ್ನು ತೊಳೆದು ಕೆಳಗೆ ಕಳುಹಿಸುತ್ತದೆ. ಸಾಲುಗಳ ನಡುವೆ ಹುಲ್ಲು, ದ್ವಿದಳ ಮೇವಿನ ಗಿಡಗಳು ಏಳುತ್ತವೆ. ಎಷ್ಟೋ ಕಡೆ ಪೊದೆಗಿಂತ ಈ ನಡುವಿನ ಹುಲ್ಲೇ ಕುರಿಗೆ ಹೆಚ್ಚು ತಿನಿಸು. ಇಡೀ ಜಲಾನಯನವನ್ನು ಉಳಿಸುವ ಕೆಲಸ ಇದಲ್ಲ, ಒಂದು ಹೊಲದ ಮೇಲಿನ ಒಂದು ಗೇಣು ಮಣ್ಣನ್ನು ಮತ್ತೆ ಬಳಕೆಗೆ ತರುವ ಕೆಲಸ.

ಮರಗಳ ಕಡೆಯಿಂದ ಬಂದ ದೊಡ್ಡ ಪ್ರಯತ್ನ ಎಣ್ಣೆ ಮ್ಯಾಲಿ. ಇದು ಬುಡದಲ್ಲಿ ದಪ್ಪ ಗಡ್ಡೆಯಿರುವ ಕುಳ್ಳು ಯೂಕಲಿಪ್ಟಸ್. ನೆಲಮಟ್ಟಕ್ಕೆ ಕಡಿದರೂ ಕಬ್ಬಿನ ಕೂಳೆಯಂತೆ ಮತ್ತೆ ಚಿಗುರುತ್ತದೆ. 1990ರ ದಶಕದಿಂದ ನೂರಾರು ರೈತರು ಗೋಧಿ ಹೊಲಗಳ ನಡುವೆ ಇದರ ಸಾಲುಗಳನ್ನು ನೆಟ್ಟರು. ಎಲೆಯಿಂದ ನೀಲಗಿರಿ ಎಣ್ಣೆ, ಕಾಂಡದಿಂದ ಇದ್ದಿಲು, ಉಳಿದದ್ದರಿಂದ ವಿದ್ಯುತ್ ಎಂಬ ಮೂರು ಆದಾಯಗಳ ಯೋಜನೆಗೆ ನ್ಯಾರೊಜಿನ್ ಊರಿನಲ್ಲಿ ಒಂದು ಮೆಗಾವಾಟ್‌ನ ಪ್ರಾಯೋಗಿಕ ಘಟಕವನ್ನೂ ಕಟ್ಟಿದರು. ಯಂತ್ರ ನಡೆಯಿತು, ವ್ಯಾಪಾರ ನಡೆಯಲಿಲ್ಲ. ಹಗುರವಾದ, ಅಲ್ಲಲ್ಲಿ ಚದುರಿದ ಸೊಪ್ಪುಸೌದೆಯನ್ನು ಕಡಿದು, ಪುಡಿಮಾಡಿ, ಲಾರಿಯಲ್ಲಿ ತರುವ ಖರ್ಚು ಅದರ ಬೆಲೆಯನ್ನು ನುಂಗಿತು. ಸಾಲಿನ ಎರಡೂ ಪಕ್ಕದಲ್ಲಿ ಹತ್ತಾರು ಮೀಟರ್‌ವರೆಗೆ ಗೋಧಿಯ ಪಾಲಿನ ನೀರನ್ನು ಮರಗಳು ಕುಡಿಯುವುದರಿಂದ ಆಗುವ ನಷ್ಟವನ್ನು ಮೊದಲ ಲೆಕ್ಕಗಳಲ್ಲಿ ಬಹುಶಃ ಸಾಕಷ್ಟು ಹಿಡಿದಿರಲಿಲ್ಲ. ನೀರು ಕುಡಿಯಲೆಂದೇ ನೆಟ್ಟ ಮರ ನೀರು ಕುಡಿಯಿತೆಂದು ದೂರುವುದು ವಿಚಿತ್ರವಾಗಿ ಕೇಳಿಸುತ್ತದೆ, ನಿಜ. ಆದರೆ ಇಳುವರಿ ಕಳೆದುಕೊಂಡವನಿಗೆ ಅದು ತಮಾಷೆಯಲ್ಲ.

ಎರಡು ಲೆಕ್ಕಗಳೂ ಕೂಡಿಬಂದ ಜಾಗ ಒಂದಿದೆ. ದಕ್ಷಿಣ ಕರಾವಳಿಯ ಡೆನ್ಮಾರ್ಕ್ ನದಿ ಕಾಡು ಕಡಿದ ಮೇಲೆ ಉಪ್ಪಾಗುತ್ತಾ ಹೋಗಿತ್ತು. 1978ರಲ್ಲಿ ಅದರ ಜಲಾನಯನದಲ್ಲಿ ಮರ ಕಡಿಯುವುದಕ್ಕೆ ನಿರ್ಬಂಧ ಬಂತು. ಮುಂದೆ ಕಾಗದದ ತಿರುಳಿಗಾಗಿ ನೀಲಿ ಯೂಕಲಿಪ್ಟಸ್ ತೋಪುಗಳು ದೊಡ್ಡ ಪ್ರಮಾಣದಲ್ಲಿ ಎದ್ದವು, ನದಿಯ ಲವಣಾಂಶ ಇಳಿಮುಖವಾಯಿತು. ಅಲ್ಲಿ ಮಳೆ ಹೆಚ್ಚು, ಇಳಿಜಾರು ಇದೆ, ಬಂದರು ಹತ್ತಿರ, ಮರಕ್ಕೆ ಮಾರುಕಟ್ಟೆಯಿತ್ತು. ಇವುಗಳಲ್ಲಿ ಒಂದೂ ಇಲ್ಲದ ಒಳನಾಡಿಗೆ ಆ ನದಿಯನ್ನು ಮಾದರಿಯಾಗಿ ತೋರಿಸುವವರನ್ನು ಕಂಡರೆ ನನಗೆ ಸ್ವಲ್ಪ ಬೇಸರವೇ.

ಬಹುವಾರ್ಷಿಕ ಗೋಧಿಯ ಬಗ್ಗೆಯೂ ಹೇಳಬೇಕು, ಆದರೆ ಹೇಳುವುದು ಹೆಚ್ಚಿಲ್ಲ. ಗೋಧಿಯನ್ನು ಅದರ ಕಾಡು ನೆಂಟರಾದ ಹುಲ್ಲುಗಳ ಜೊತೆ ಸಂಕರಿಸಿದ ಸಾಲುಗಳನ್ನು ನ್ಯೂ ಸೌತ್ ವೇಲ್ಸ್‌ನ ಕೌರಾದಲ್ಲಿ ಪರೀಕ್ಷಿಸಿದ್ದಾರೆ. ಹೆಚ್ಚು ವರ್ಷ ಬದುಕುವವು ಕಡಿಮೆ ಕಾಳು ಕೊಡುತ್ತವೆ, ಹೆಚ್ಚು ಕಾಳು ಕೊಡುವವು ಬೇಗ ಸಾಯುತ್ತವೆ. ಕಾಳಿನ ಜೊತೆಗೆ ಕುರಿ ಮೇಯಿಸುವ ಲಾಭವನ್ನೂ ಸೇರಿಸಿಕೊಂಡರೆ ಮಾತ್ರ ಇದು ಗಿಟ್ಟೀತು. ಇಲ್ಲಿಯೂ ಬೆಳೆಯನ್ನು ಉಳಿಸಬೇಕಾದದ್ದು ಕುರಿಯೇ.

ಈ ನಡುವೆ ಮಳೆಯೂ ಬದಲಾಯಿತು. ಆ ರಾಜ್ಯದ ನೈಋತ್ಯ ಭಾಗದಲ್ಲಿ 1970ರ ದಶಕದ ನಡುವಿನಿಂದ ಚಳಿಗಾಲದ ಮಳೆ ಇಳಿಯುತ್ತಲೇ ಬಂದಿದೆ. ಹಲವೆಡೆ ಅಂತರ್ಜಲದ ಏರಿಕೆ ನಿಧಾನವಾಯಿತು, ಕೆಲವೆಡೆ ನಿಂತಿತು. ಭೀತಿ ಇಳಿದಂತೆ ಹಣವೂ ಇಳಿಯಿತು. 2001ರ ಸಂಶೋಧನಾ ಕೇಂದ್ರದ ಕೆಲಸವನ್ನು 2007ರಲ್ಲಿ ಮುಂದಕ್ಕೊಯ್ದ ಎರಡನೆಯ ಕೇಂದ್ರವೂ 2014ರಲ್ಲಿ ಮುಗಿಯಿತು. 2018ರಲ್ಲಿ ರಾಜ್ಯದ ಮಹಾಲೇಖಪಾಲರು ಸವಳಿನ ನಿರ್ವಹಣೆಯನ್ನು ಪರಿಶೀಲಿಸಿದಾಗ, ಉಪ್ಪು ಎಷ್ಟು ಹರಡಿದೆಯೆಂಬುದನ್ನು ಹಲವು ವರ್ಷಗಳಿಂದ ಯಾರೂ ಸರಿಯಾಗಿ ಅಳೆದೇ ಇಲ್ಲವೆಂದು ಕಂಡುಬಂತು. ಹತ್ತು ಲಕ್ಷ ಹೆಕ್ಟೇರ್‌ಗೂ ಹೆಚ್ಚು ಕೆಟ್ಟ ಭೂಮಿ ಆ ಒಂದೇ ರಾಜ್ಯದಲ್ಲಿರುವಾಗ ಈ ಮರೆವು ನನಗೆ ಅರ್ಥವಾಗುವುದಿಲ್ಲ. ಮಳೆ ಕಡಿಮೆಯಾದದ್ದನ್ನು ಪರಿಹಾರವೆಂದು ಕರೆಯುವಂತಿಲ್ಲ.

ಊರು ಬಿಡುವ ಮೊದಲು, ಏಪ್ರಿಲ್‌ನಲ್ಲಿ, ಮೆರೆಡಿನ್‌ನ ದಕ್ಷಿಣಕ್ಕೆ ಪರಿಚಯದ ರೈತರೊಬ್ಬರ ಜಮೀನಿಗೆ ಹೋಗಿದ್ದೆ. ತಗ್ಗಿನ ನಟ್ಟನಡುವಿನ ಬಿಳಿ ಪಟ್ಟೆಯನ್ನು ಬೇಲಿ ಹಾಕಿ ಹಾಗೆಯೇ ಬಿಟ್ಟಿದ್ದರು. ಅಲ್ಲಿ ಏನೂ ಬೆಳೆಯುವುದಿಲ್ಲ, ಬೆಳೆಸಲು ಹೋಗಿ ಸೋತದ್ದೂ ಆಗಿದೆ. ಅದರ ಸುತ್ತ ಉಪ್ಪುಪೊದೆಯ ಸಾಲುಗಳು, ಸಾಲುಗಳ ನಡುವೆ ಒಣಹುಲ್ಲು, ಕುರಿಗಳು. ಹೊಲದ ಮೂಲೆಯಲ್ಲಿ ಅಂತರ್ಜಲ ಅಳೆಯಲು ಹಿಂದೆ ಯಾವುದೋ ಯೋಜನೆಯವರು ನೆಟ್ಟಿದ್ದ ಪಿವಿಸಿ ಕೊಳವೆ ನಿಂತಿತ್ತು. ಪೊದೆ ನೆಟ್ಟ ಮೇಲೆ ನೀರು ಇಳಿದಿದೆಯೇ ಎಂದು ಕೇಳಿದೆ. ಅದರ ಮುಚ್ಚಳ ತೆಗೆದು ನೋಡಿ ಎಷ್ಟೋ ವರ್ಷವಾಯಿತು ಎಂದರು. ಆಮೇಲೆ ಜೀಪಿನಿಂದ ಒಂದು ನೋಟ್‌ಬುಕ್ ತಂದು, ಆ ವರ್ಷ ಎಷ್ಟು ಕುರಿಗಳು ಎಷ್ಟು ವಾರ ಆ ಹೊಲದಲ್ಲಿ ಮೇದವು, ಕೊಳ್ಳದೆ ಉಳಿದ ಧಾನ್ಯವೆಷ್ಟು ಎಂಬ ಪುಟವನ್ನು ತೆರೆದು ತೋರಿಸಿದರು.